ಸತ್ಯಾಂಶ: ಕೊರೊನಾ ಬಂದರೆ ಹೃದಯ ಕಸಿಯಾದವರು ಮಾತ್ರೆ ಬಿಡಬೇಕೆ?

ವಿಜಯಪುರದ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಮೊನ್ನೆ ಬಂದ ಸಂದೇಶ: "ಹೃದಯ ಕಸಿಯಾದವರಿಗೆ ಕೊರೊನಾ ಬಂದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೂಡಲೇ ಬಿಡಿ, ಅಮೃತಬಳ್ಳಿ ಕಷಾಯ ಕುಡಿಯಿರಿ."

ಇದು ಜೀವಕ್ಕೇ ಅಪಾಯ ತರುವ ಸಲಹೆ. ಎಷ್ಟು ವರ್ಷ ಕಳೆದರೂ ಮೈ ಆ ಹೃದಯವನ್ನು ಹೊರಗಿನದೆಂದೇ ಎಣಿಸುತ್ತದೆ. ಮೈಯ ಈ ದಾಳಿಯನ್ನು ತಡೆದಿಟ್ಟಿರುವುದು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳು. ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿರುತ್ತವೆ. ಹೀಗಾಗಿ ಮೈ ಹೃದಯವನ್ನು ತಿರಸ್ಕರಿಸತೊಡಗಿದರೂ ಎಷ್ಟೋ ಸಲ ಎದೆನೋವೇ ಕಾಣಿಸದು. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ.

ಸಂದೇಶದಲ್ಲಿ ಒಂದೆಳೆ ನಿಜವೂ ಇದೆ. ಇಂಥವರಿಗೆ ಕೊರೊನಾ ತೀವ್ರವಾಗುವ ಸಾಧ್ಯತೆ ಹೆಚ್ಚು. ಕೆಲವೊಮ್ಮೆ ವೈದ್ಯರೇ ಮೈಕೊಫಿನೊಲೇಟನ್ನು ಕೆಲ ದಿನ ತಗ್ಗಿಸುತ್ತಾರೆ, ನಿಲ್ಲಿಸುವುದೂ ಉಂಟು. ಅದು ರೋಗಿಯ ಸ್ಥಿತಿ ನೋಡಿ ಅವರು ಮಾಡುವ ತೀರ್ಮಾನ.

ಇನ್ನು ಅಮೃತಬಳ್ಳಿ. ಇದನ್ನು ಸೇವಿಸಿದವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಅಲ್ಲದೆ, ಕಸಿಯಾದವರು ರೋಗನಿರೋಧಕ ಶಕ್ತಿಯನ್ನು ತಾವಾಗಿ ಕೆರಳಿಸಿಕೊಳ್ಳಲೇಬಾರದು.

ಲಸಿಕೆಯ ಭಯವೂ ಬೇಡ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಜೀವಂತ ಕೊರೊನಾ ವೈರಸ್ ಇಲ್ಲ. ಕಸಿಯಾದವರಲ್ಲಿ ಲಸಿಕೆಯ ಪರಿಣಾಮ ಕಡಿಮೆ. ಅದಕ್ಕೇ ಅವರಿಗೆ ಹೆಚ್ಚುವರಿ ಡೋಸ್ ಸೂಚಿಸುತ್ತಾರೆ.

ಜ್ವರ, ಕೆಮ್ಮು ಕಂಡ ದಿನವೇ ಕಸಿ ಮಾಡಿದ ತಂಡಕ್ಕೆ ಫೋನ್ ಮಾಡಿ. ಮೆಡಿಕಲ್ ಅಂಗಡಿಯಿಂದ ತಾವೇ ಔಷಧ ತರಬೇಡಿ: ಕೊರೊನಾಗೆ ಕೊಡುವ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ರಿಟೊನಾವಿರ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ವಿಪರೀತ ಏರಿಸಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.