ಸತ್ಯಾಂಶ: ಮೀನು ಬದುಕಿದ್ದರೆ ನೀರಲ್ಲಿ ವಿಷ ಇಲ್ಲವೇ?

‘ಗದ್ದೆ ಪಕ್ಕದ ಕೆರೆಯಲ್ಲಿ ಮೀನು, ಕಪ್ಪೆ ಓಡಾಡುತ್ತಿದ್ದರೆ ಆ ನೀರಿನಲ್ಲಿ ಕೀಟನಾಶಕ ಇಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ತಪ್ಪು. ಸಾವು ಕೊನೆಯ ಹಂತ. ಅದಕ್ಕೂ ಎಷ್ಟೋ ಮುಂಚೆ ಮೈಯೊಳಗೆ ಹಾನಿ ಶುರುವಾಗಿರಬಹುದು.

ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಕೀಟನಾಶಕ ಔಷಧಿಗಳನ್ನೇ ನೋಡಿ. ನರಗಳು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಳಸುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆಯುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಈ ಔಷಧಿಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹಾಗಾಗಿ ಅಸಿಟೈಲ್‌ಕೋಲಿನ್ ಒಡೆಯದೆ ಉಳಿದು ನರಗಳ ಕೆಲಸ ಏರುಪೇರಾಗುತ್ತದೆ. ಆಗಲೂ ಮೀನು ಈಜುತ್ತದೆ, ಆದರೆ ಮಂಕಾಗಿ. ಕೊಕ್ಕರೆ ಬಂದರೆ ತಪ್ಪಿಸಿಕೊಳ್ಳುವ ಚುರುಕು ಇರುವುದಿಲ್ಲ. ದಡದಲ್ಲಿ ಸುಮ್ನೆ ನಿಂತು ನೋಡಿದರೆ ಇದು ಗೊತ್ತಾಗಲ್ಲ, ಅಲ್ವಾ?

ಲ್ಯಾಬ್‌ನಲ್ಲಿ ಗೊತ್ತಾಗುತ್ತದೆ. 1961ರಲ್ಲಿ ವಿಜ್ಞಾನಿ ಎಲ್‌ಮನ್ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಮೀನಿನ ಮಿದುಳನ್ನು ಅರೆದು ರಾಸಾಯನಿಕ ಬೆರೆಸುತ್ತಾರೆ. ಕಿಣ್ವ ಚುರುಕಾಗಿದ್ದರೆ ಹಳದಿ ಬಣ್ಣ ಬೇಗ ಏರುತ್ತದೆ, ಕುಗ್ಗಿದ್ದರೆ ನಿಧಾನವಾಗಿ. ಇಂಥ ಗುರುತುಗಳನ್ನೇ ಬಯೋಮಾರ್ಕರ್ ಎನ್ನುತ್ತಾರೆ.

ಕಪ್ಪೆಯ ರಕ್ತದಲ್ಲೂ ಒಂದು ಗುರುತು ಸಿಗುತ್ತದೆ. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ (ಡಿಎನ್‌ಎ ಇರುವ ಕೋಶಕೇಂದ್ರ) ಇಲ್ಲ, ಕಪ್ಪೆಯದರಲ್ಲಿ ಇದೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಆ ನ್ಯೂಕ್ಲಿಯಸ್ ಪಕ್ಕದಲ್ಲೇ ಪುಟ್ಟ ಚೂರುಗಳು ಮೈಕ್ರೋಸ್ಕೋಪ್‌ನಲ್ಲಿ ಕಾಣುತ್ತವೆ. ಆ ಕಪ್ಪೆ ಹೊರಗಿನಿಂದ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತಿರಬಹುದು.