ಹಲ್ಲೂ ಇದೆ, ಕಡಲೆಯೂ ಇದೆ, ಹೊಟ್ಟೆಯಲ್ಲಿ ಜಾಗ ಇಲ್ಲ

ದಪ್ಪಗಿರುವವರಿಗೆ ನಮ್ಮ ಬೆಂಗಳೂರಿನಲ್ಲಿ ಏನೆಲ್ಲ ಇದೆ. ಜಿಮ್ ಇದೆ, ಡಯಟಿಷಿಯನ್ ಇದ್ದಾರೆ, ಲಾಲ್‌ಬಾಗಿನಲ್ಲಿ ವಾಕಿಂಗ್ ಇದೆ, ವಾಕಿಂಗ್ ಮುಗಿಸಿ ಹೊರಗೆ ಬಂದರೆ ಹಾಗಲಕಾಯಿ ಜ್ಯೂಸೂ ಇದೆ. ಸಣಕಲರಿಗೆ ಇರುವುದು ಒಂದೇ ಒಂದು ಜೋಕು. "ನನ್ನ ಹತ್ರ ಹತ್ತು ಕೆಜಿ ಜಾಸ್ತಿ ಇದೆ, ತಗೊಂಡೋಗು ಮಾರಾಯ." ಹೇಳಿದವರು ಪ್ರಪಂಚದಲ್ಲಿ ತಾವೇ ಮೊದಲು ಹೇಳಿದ್ದು ಅನ್ನೋ ಥರ ನಗುತ್ತಾರೆ. ಹೀಗೆ ಜನ ಕೊಡುತ್ತೇನೆಂದ ಕೆಜಿಗಳನ್ನೆಲ್ಲ ಕೂಡಿಸಿದರೆ ಒಂದು ಟೆಂಪೋ ಲೋಡ್ ಆದೀತು. ಒಂದು ಗ್ರಾಮೂ ಕೈಗೆ ಬಂದಿಲ್ಲ.

ಆಫೀಸಿನಲ್ಲಿ ಹೆಲ್ತ್ ಚೆಕಪ್ ಮಾಡಿಸಿದಾಗ ನಾನು ಸಣಕಲ ಅನ್ನುವುದು ದಾಖಲೆಗೆ ಬಂತು. ಎತ್ತರ ಐದು ಅಡಿ ಒಂಬತ್ತು ಅಂಗುಲ, ತೂಕ 53 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, 18.5ಕ್ಕಿಂತ ಕೆಳಗಿದ್ದರೆ ಅಂಡರ್‌ವೇಟ್ ಅಂತೆ. ನನ್ನದು 17ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಡಾಕ್ಟರು ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ, "ಬೇರೇನೂ ತೊಂದ್ರೆ ಇಲ್ಲ, ಜಾಸ್ತಿ ತಿನ್ನಿ. ಆದ್ರೆ ಪ್ಯಾಕೆಟ್ ತಿಂಡಿ ಬೇಡ, ಬೇಕರಿದು ಬೇಡ. ಕಾಳು, ಧಾನ್ಯ, ಹಣ್ಣು, ತರಕಾರಿ" ಅಂದರು. ಅಲ್ಲಿಯವರೆಗೆ ನನ್ನನ್ನು ಗಾಳಿಗೆ ಹಾರಿಹೋಗದಂತೆ ಹಿಡಿದಿಟ್ಟಿದ್ದೇ ಬೇಕರಿ. ಎಗ್ ಪಫ್, ಖಾರಾ ಬನ್, ದಿಲ್‌ಪಸಂದ್. ಅದನ್ನೇ ಕಿತ್ತುಕೊಂಡರು. ಜಿಮ್ಮಿನ ಪಕ್ಕದ ಅಂಗಡಿಯಲ್ಲಿ ತೂಕ ಹೆಚ್ಚಿಸುವ ಪುಡಿಯ ಡಬ್ಬ ಸಿಗುತ್ತದೆ ಅಂತ ಯಾರೋ ಹೇಳಿದರು. ರೇಟು ಕೇಳಿಯೇ ಅರ್ಧ ಕೆಜಿ ಇಳಿದಿರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ 65 ಕೆಜಿ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಬೇಕು. ನಾನು ಆ ಗಂಡಸಲ್ಲ, ಆಗಬೇಕು ಅಂತ ಹೊರಟವನು. ಹಾಗಾಗಿ ಅದೇ ಲೆಕ್ಕ ಹಿಡಿದೆ.

ಒಳ್ಳೆಯ ಊಟ ಅಂದರೆ ಈ ಕಾಲದಲ್ಲಿ ಕಣ್ಣ ಮುಂದೆ ಬರುವುದು ಹಸಿ ತರಕಾರಿಯ ತಟ್ಟೆ ತಾನೇ? ಸೌತೆಕಾಯಿ, ಟೊಮೆಟೊ, ಕ್ಯಾರೆಟ್ ಹೆಚ್ಚಿಟ್ಟುಕೊಂಡು ಶುರು ಮಾಡಿದೆ. ಆಮೇಲೆ ಲೆಕ್ಕ ಹಾಕಿದೆ. 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು 15 ಕ್ಯಾಲೊರಿ. 2110 ಮುಟ್ಟಬೇಕಾದರೆ ದಿನಕ್ಕೆ 14 ಕೆಜಿ ಸೌತೆಕಾಯಿ ತಿನ್ನಬೇಕು. ಅದಕ್ಕೆ ಆಫೀಸಿಗೆ ರಜೆ ಹಾಕಬೇಕು.

ಮುಂದಿನ ಲೆಕ್ಕ ದುಡ್ಡಿನದು. ನೂರು ರೂಪಾಯಿಗೆ ಎಷ್ಟು ಕ್ಯಾಲೊರಿ ಬರುತ್ತದೆ ಅಂತ ಅಡುಗೆಮನೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ನಮ್ಮ ಬೀದಿಯ ರೇಟಿನಲ್ಲಿ ಸೇಬು ಅರ್ಧ ಕೆಜಿ ಬರುತ್ತದೆ, ಅದರಲ್ಲಿ ಸುಮಾರು 260. ಬಾದಾಮಿ ನೂರು ಗ್ರಾಮಿಗಿಂತ ಸ್ವಲ್ಪ ಜಾಸ್ತಿ, 600 ಚಿಲ್ಲರೆ. ಕಡಲೆಕಾಯಿ ಬೀಜ ಮೂರೂವರೆ ಸಾವಿರ. ರಾಗಿ ಎರಡು ಕೆಜಿ, ಆರು ಸಾವಿರದ ಮೇಲೆ! ಬಡವರ ಬಾದಾಮಿ ಅಂತ ಕಡಲೆಕಾಯಿಯನ್ನು ಸುಮ್ನೆ ಕರೆದಿಲ್ಲ. ಸಾಹುಕಾರರ ಬಾದಾಮಿ ಅದರ ಮುಂದೆ ನಿಲ್ಲುವುದೇ ಇಲ್ಲ. ಗೋಡೆಗೆ ಬರೆದಿದ್ದಕ್ಕೆ ಓನರ್ ಆಂಟಿಯಿಂದ ಬೈಸಿಕೊಂಡದ್ದು ಬೇರೆ ಖರ್ಚು.

ಅಂದರೆ ಜೇಬು ಅಡ್ಡಿಯಲ್ಲ. ಅಡ್ಡಿಯಾಗಿದ್ದು ಹೊಟ್ಟೆ. ಹೆಸರುಕಾಳು ಒಣಗಿದ್ದಾಗ 100 ಗ್ರಾಮಿಗೆ 330 ಕ್ಯಾಲೊರಿ ಕೊಡುತ್ತದೆ. ಅದನ್ನೇ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಉಬ್ಬಿಕೊಂಡು ಎರಡು ಮೂರು ಬಟ್ಟಲಾಗುತ್ತದೆ. ಕ್ಯಾಲೊರಿ ಹೆಚ್ಚಲಿಲ್ಲ, ಸೇರಿಕೊಂಡಿದ್ದು ನೀರು. ಹೊಟ್ಟೆಗೆ ಕ್ಯಾಲೊರಿ ಎಣಿಸಲು ಬರುವುದಿಲ್ಲ, ಅದು ಬಟ್ಟಲು ಎಣಿಸಿ 'ಸಾಕು' ಅನ್ನುತ್ತದೆ. ಒಂದು ದಿಲ್‌ಪಸಂದ್ ತುಂಡು ನಾಲ್ಕು ತುತ್ತಿನಲ್ಲಿ ಮಾಡಿ ಮುಗಿಸುವ ಕೆಲಸಕ್ಕೆ ಕಾಳು, ಸೊಪ್ಪು, ನಾರು ಎಲ್ಲ ಸೇರಿ ಅರ್ಧ ದಿನ ತೆಗೆದುಕೊಳ್ಳುತ್ತವೆ.

ಮೇಲಿಂದ ಜಗಿಯಬೇಕು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ನನಗೆ ಎರಡೂ ಇದ್ದವು. ಟೈಮ್ ಇರಲಿಲ್ಲ. ಆಫೀಸಿನವರೆಲ್ಲ ಊಟ ಮಾಡಿ, ಕೈ ತೊಳೆದು, ಕೆಳಗೆ ಹೋಗಿ ಟೀ ಕುಡಿದು ಬಂದರೂ ನಾನು ಕಾಳು ಜಗಿಯುತ್ತಿದ್ದೆ. ಕ್ಯಾಂಟೀನಿನ ಹುಡುಗ ಟೇಬಲ್ ಒರೆಸಿದ. ನನ್ನ ಡಬ್ಬಿಯ ಸುತ್ತಲೂ ಒರೆಸಿದ. ಕೊನೆಗೆ ಪಕ್ಕದ ಕುರ್ಚಿಗಳನ್ನೆಲ್ಲ ಟೇಬಲ್ ಮೇಲೆ ಮಗುಚಿಟ್ಟು, ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತ. ಮೊಳಕೆಕಾಳಿನ ಉಳಿದ ಕಥೆ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ನನ್ನ ಎಡಬಲದ ಕುರ್ಚಿಗಳು ಖಾಲಿ ಬೀಳತೊಡಗಿದವು ಅಂದರೆ ಸಾಕು.

ಜಗಿಯುವ ಕಷ್ಟವೇ ಇಲ್ಲದ ಊಟ ಒಂದಿದೆಯಲ್ಲ! ಮುದ್ದೆ. ತುಮಕೂರು ಸೀಮೆಯವನಿಗೆ ಇದು ಹೊಳೆಯಲು ಇಷ್ಟು ಹೊತ್ತು ಬೇಕಾಯಿತೇ ಅಂತ ಅಮ್ಮ ವಿಡಿಯೋ ಕಾಲಿನಲ್ಲೇ ಕಣ್ಣು ಬಿಟ್ಟಳು. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಿಂದ ತೂತು ಮಾಡಿ, ಬೇಯಲು ಬಿಟ್ಟು, ಆಮೇಲೆ ತಿರುವಬೇಕು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು. ಆದರೆ ನನ್ನದು ಇಂಡಕ್ಷನ್ ಒಲೆ, ಮೇಲೆ ನುಣ್ಣನೆ ಗಾಜು. ಕೋಲು ಯಾವ ಕಡೆ ತಿರುಗಿತೋ ಪಾತ್ರೆಯೂ ಆ ಕಡೆಗೇ ತಿರುಗಿತು. ಕೋಲು, ಪಾತ್ರೆ, ನಾನು, ಮೂವರೂ ಸುತ್ತಿದೆವು. ಹಿಟ್ಟೊಂದು ಬಿಟ್ಟು.

"ಕೆಳಗಿಟ್ಟು ಕಾಲಲ್ಲಿ ಒತ್ತಿಡ್ಕೊಳೋ" ಅಂದಳು ಅಮ್ಮ.

ಪಾತ್ರೆಗೆ ಹಳೇ ಟವೆಲ್ ಸುತ್ತಿ, ಎರಡೂ ಪಾದದ ನಡುವೆ ಒತ್ತಿಟ್ಟುಕೊಂಡು ತಿರುವಿದೆ. ಅಂಗಾಲಿಗೆ ಹಬೆ ಹೊಡೆಯಿತು. ಬಾಗಿಲು ತೆರೆದೇ ಇತ್ತು. ನೀರಿನ ಕ್ಯಾನ್ ತಂದ ಹುಡುಗ ಒಂದು ನಿಮಿಷ ನೋಡಿ, ಕ್ಯಾನನ್ನು ಮೆಟ್ಟಿಲ ಮೇಲೇ ಇಟ್ಟು ಹೋದ. ಮುದ್ದೆಯ ತುಂಬ ಗಂಟುಗಳು. ಆದರೂ ಸಾರಿನಲ್ಲಿ ಅದ್ದಿ ನುಂಗಿದೆ, ಸರಕ್ಕನೆ ಇಳಿಯಿತು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುತ್ತಾರೆ. ಬೆಟ್ಟದ ಮಾತಿರಲಿ, ಆ ಮಧ್ಯಾಹ್ನ ನಾನು ಚಾಪೆಯಿಂದ ಬೆನ್ನು ಕಿತ್ತಿಡಲಿಲ್ಲ.

ಇಷ್ಟರಲ್ಲಿ ನಮ್ಮ ಮಾವನಿಗೆ ಸುದ್ದಿ ಮುಟ್ಟಿತು. ಅವರು ನೈಸರ್ಗಿಕ ಆಹಾರದ ಕಟ್ಟಾಳು. "ರಾಗಿ ಮಿಲ್ಲಿಗೆ ಹಾಕ್ಸಿದ್ಯಾ? ಬೀಸಿದ್ಮೇಲೆ ಅದೂ ಪ್ರೊಸೆಸ್ಡ್ ಫುಡ್ಡೇ ಕಣೋ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೆರೊ ಎಂಬ ಪ್ರೊಫೆಸರು ಆಹಾರವನ್ನೆಲ್ಲ ನಾಲ್ಕು ಗುಂಪು ಮಾಡಿದ್ದಾರೆ. ನೋವಾ ಅಂತ ಅದರ ಹೆಸರು. ಒಣಗಿಸುವುದು, ಹುರಿಯುವುದು, ಬೀಸುವುದು, ಬೇಯಿಸುವುದು ಎಲ್ಲ ಮೊದಲ ಗುಂಪಿನಲ್ಲೇ ಬರುತ್ತದೆ. ಬೆಲ್ಲ, ಎಣ್ಣೆ, ತುಪ್ಪ ಎರಡನೆಯದು. ಅವರು ಕೋಪ ಮಾಡಿಕೊಂಡಿರುವುದು ನಾಲ್ಕನೆಯ ಗುಂಪಿನ ಮೇಲೆ, ಅಂದರೆ ಯಾರ ಅಡುಗೆಮನೆಯಲ್ಲೂ ಇಲ್ಲದ ಸಾಮಾನು ಹಾಕಿ ಫ್ಯಾಕ್ಟರಿಯಲ್ಲಿ ಮಾಡಿದ್ದರ ಮೇಲೆ. ಇದನ್ನೆಲ್ಲ ವಿವರಿಸಿದೆ. "ಬ್ರೆಜಿಲ್‌ನೋರಿಗೆ ರಾಗಿ ವಿಷ್ಯ ಏನ್ ಗೊತ್ತು" ಅಂತ ಮಾವ ಫೋನಿಟ್ಟರು.

ಮಾವನ ಮಾತು ಕೇಳಿದ್ದರೆ ನಾನು ಗಾಣದೆಣ್ಣೆ, ನವಣಕ್ಕಿ, ಕಾಡುಜೇನು ಕೊಂಡು ಬಾಡಿಗೆಗೆ ಸಾಲ ಮಾಡಬೇಕಿತ್ತು. ನವಣೆ ನಮ್ಮಜ್ಜಿ ಅಕ್ಕಿ ಇಲ್ಲದ ದಿನ ಬೇಯಿಸುತ್ತಿದ್ದ ಧಾನ್ಯ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಬೇರೆ ಸಾರಿತು. ಈಗ ಅದು ಅಕ್ಕಿಗಿಂತ ದುಬಾರಿ, ಗಾಜಿನ ಬಾಟಲಿಯಲ್ಲಿ ಎಸಿ ಹಾಕಿಸಿಕೊಂಡು ಕೂತಿರುತ್ತದೆ. ರಾಗಿಯೂ ಸಿರಿಧಾನ್ಯವೇ, ಪಾಪ, ಅದಕ್ಕೆ ಇನ್ನೂ ಆ ಜಂಭ ಬಂದಿಲ್ಲ.

ಸಾರಿಗೆ ಹುರುಳಿಕಾಳು ಸಸ್ತಾ ಅಂತ ವಾರವಿಡೀ ಹುರುಳಿ ಕಟ್ಟಿನ ಸಾರು ಮಾಡಿದೆ. ವಾಸನೆ ಹಿಡಿದು ಮಹಡಿ ಹತ್ತಿ ಬಂದ ಓನರ್ ಆಂಟಿ, "ಏನಪ್ಪಾ, ದಿನಾ ಹುರುಳಿ ಸಾರಾ? ಅದು ನಮ್ಮಂಥೋರು ತೆಳ್ಳಗಾಗೋಕೆ ಕುಡಿಯೋದಲ್ವಾ?" ಅಂದರು. ಮಿಕ್ಕ ಸಾರನ್ನು ಒಂದು ಪಾತ್ರೆಗೆ ಸುರಿದುಕೊಂಡು ಹೋದರು.

ಕೊನೆಗೆ ಕೈ ಹಿಡಿದಿದ್ದು ಕೊಬ್ಬು. ಹಿಟ್ಟು, ಬೇಳೆ ಗ್ರಾಮಿಗೆ 4 ಕ್ಯಾಲೊರಿಯೂ ಕೊಡದಿರುವಾಗ ತುಪ್ಪ, ಎಣ್ಣೆ 9ರ ಹತ್ತಿರ ಕೊಡುತ್ತವೆ. ಹೊಟ್ಟೆಗೆ ಗೊತ್ತಾಗದಂತೆ ಒಳಗೆ ಹೋಗುತ್ತವೆ. ಮುದ್ದೆಯ ಗುಳಿಗೆ ತುಪ್ಪ, ಸಾರಿಗೆ ರುಬ್ಬಿದ ಕಾಯಿ, ಎಲ್ಲದಕ್ಕೂ ಕಡಲೆಬೀಜದ ಚಟ್ನಿಪುಡಿ. ಊರಲ್ಲಿ ಎಲ್ಲರೂ ತಿನ್ನುವುದೇ ಇದು, ಹೊಸ ಸಂಶೋಧನೆ ಏನಲ್ಲ. ಇದರ ಜೊತೆಗೆ ಅಮ್ಮ ರಾಗಿ ಹುರಿಹಿಟ್ಟು ಕಳಿಸಿದಳು. ಬೆಲ್ಲ, ತುಪ್ಪ, ಕಾಯಿತುರಿ ಕಲಸಿಕೊಂಡರೆ ಒಂದು ಬಟ್ಟಲಿನಲ್ಲೇ ಒಂದು ಊಟದಷ್ಟು ಕ್ಯಾಲೊರಿ. ಆದರೆ ಕಲಸುವ ವ್ಯವಧಾನ ಬೇಕು. ಮನೆಯಿಂದ ಕೆಲಸ ಮಾಡುವ ದಿನ ಒಂದು ದೊಡ್ಡ ಚಮಚ ಒಣ ಹಿಟ್ಟನ್ನೇ ಬಾಯಿಗೆ ಹಾಕಿಕೊಂಡೆ. ನಾಲಿಗೆ ಮೇಲೆತ್ತಲಾಗದಂತೆ ಅಂಟಿಕೊಂಡಿತು. ಅದೇ ಗಳಿಗೆಗೆ ಬಾಸ್ ವಿಡಿಯೋ ಕಾಲಿನಲ್ಲಿ ನನ್ನ ಹೆಸರು ಕೂಗಿ, "ಪೆಂಡಿಂಗ್ ಏನಾದ್ರೂ ಇದ್ಯಾ?" ಅಂದರು. ಬೇರೆ ಯಾವ ಅಕ್ಷರದಿಂದ ಶುರುವಾಗುವ ಉತ್ತರವಾದರೂ ಬಚಾವಾಗುತ್ತಿದ್ದೆ. "ಪೇಮೆಂಟ್" ಅಂದೆ. 'ಪೇ' ಎಂಬುದರ ಜೊತೆಗೆ ಕಂದು ಬಣ್ಣದ ಮೋಡವೊಂದು ಹೊರಟು ಕ್ಯಾಮೆರಾ ಮುಚ್ಚಿತು. "ನಿಮ್ಮ ಕಡೆ ಧೂಳು ಜಾಸ್ತಿ ಅನ್ಸುತ್ತೆ, ಕಿಟಕಿ ಹಾಕ್ಕೊಳ್ಳಿ" ಅಂದರು ಬಾಸ್. ಒಳ್ಳೆಯ ಮನುಷ್ಯ. ಲ್ಯಾಪ್‌ಟಾಪಿನ 'ಪಿ' ಕೀ ಈಗಲೂ ಕರಕರ ಅನ್ನುತ್ತದೆ.

ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸೇರಿನಲ್ಲಿ ಅಳೆದು ಸುರಿಯುವುದನ್ನು ನೋಡುತ್ತ ನಿಂತರೆ ಎಂಥವನಿಗೂ ಕೈ ತಡೆಯುವುದಿಲ್ಲ. ನಾನಂತೂ ಚೀಲಗಟ್ಟಲೆ ತಂದು ಮಂಚದ ಕೆಳಗೆ ತುಂಬಿದೆ. ತಿಂಗಳೊಪ್ಪತ್ತಿಗೆ ಆಯಿತಲ್ಲ ಅಂತ ನಿರಾಳ. ರಾತ್ರಿ ಹೊತ್ತು ಕೆಳಗಿಂದ ಕಟಕಟ ಸದ್ದು ಬರುತ್ತಿತ್ತು. ಒಣಗುವಾಗ ಸಿಪ್ಪೆ ಬಿರಿಯುತ್ತಿರಬೇಕು ಅಂದುಕೊಂಡು ಮಗ್ಗಲು ಬದಲಿಸುತ್ತಿದ್ದೆ.

ಮೊನ್ನೆ ಆಂಟಿ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು. "ನಿನ್ ರೂಮಿಂದ ಒಂದು ಇಲಿ ಇಳಿದು ಬರುತ್ತೆ ಕಣಪ್ಪ, ನೋಡಿದ್ಯಾ? ನಮ್ಮ ಬೆಕ್ಕು ಅದಕ್ಕೆ ದಾರಿ ಬಿಡುತ್ತೆ. ಹೆಂಗೆ ಮೈ ಕೈ ತುಂಬ್ಕೊಂಡು ಮಿರಮಿರ ಅಂತಿದೆ ಗೊತ್ತಾ!" ಆಮೇಲೆ ನನ್ನನ್ನು ಕಾಲಿಂದ ತಲೆವರೆಗೆ ನೋಡಿ ಹೇಳಿದರು, "ಅದೇನ್ ತಿನ್ನುತ್ತೋ ನೀನೂ ಅದನ್ನೇ ತಿನ್ನಪ್ಪ."