ಓಬೋ ನುಡಿಸೋರು ಪುಸ್ತಕ ಎಲ್ಲಿಂದ ತರಬೇಕು ಸ್ವಾಮಿ?

ಓಬೋ ಅಂದರೆ ತುದಿಯಲ್ಲಿ ರೀಡ್, ಅಂದರೆ ಪೀಪಿ, ಸಿಕ್ಕಿಸಿಕೊಂಡು ಊದುವ ಪಾಶ್ಚಾತ್ಯ ವಾದ್ಯ. ಇವತ್ತು ಸಂಗೀತದ ಅಂಗಡಿಯಲ್ಲಿ ಮತ್ತೆ ಅದೇ ಕಥೆ. "ಓಬೋಗೆ ಷೀಟ್ ಮ್ಯೂಸಿಕ್, ಸ್ವರ ಬರೆದ ಪುಸ್ತಕ ಇದೆಯಾ?" ಅಂತ ಕೇಳಿದೆ. ಅಂಗಡಿಯವರು ನನ್ನನ್ನೊಮ್ಮೆ, ಕೈಲಿದ್ದ ಪೆಟ್ಟಿಗೆಯನ್ನೊಮ್ಮೆ ನೋಡಿ, ಫ್ಲೂಟ್ ಪುಸ್ತಕ ತೆಗೆದು ಗಲ್ಲಾ ಮೇಲೆ ಇಟ್ಟರು. "ಎರಡೂ ಊದೋದೇ ಅಲ್ವಾ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ."

ಏನು ಅಡ್ಜಸ್ಟ್ ಮಾಡ್ಕೊಳ್ಳಲಿ? ಫ್ಲೂಟಿನವರು ಸ್ವರ ಬರೆಯುವ ಐದು ಗೆರೆ ದಾಟಿ, ಎತ್ತರದ ಸ್ವರಗಳಿಗೆ ಮೇಲೆ ಇನ್ನೂ ನಾಲ್ಕು ಗೆರೆ ಹತ್ತಿ ಆರಾಮಾಗಿ ಕೂತಿರುತ್ತಾರೆ. ನಾನು ಅಲ್ಲಿಗೆ ಹೋದರೆ ರೀಡ್ ಕಿರುಚುತ್ತದೆ. ಹೋದ ತಿಂಗಳು ಕ್ಲಾರಿನೆಟ್ ಪುಸ್ತಕಕ್ಕೆ 650 ರೂಪಾಯಿ ಸುರಿದೆ. ತಂಗಿ ಕೀಬೋರ್ಡಿಗೆ ಕೂತಳು, ಮೊದಲ ಸ್ವರಕ್ಕೇ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕ್ಲಾರಿನೆಟ್ಟಿನವರು ಸಿ ಅಂತ ಓದಿದರೆ ಒಂದು ಸ್ವರ ಕೆಳಗಿನ ಬಿ ಫ್ಲಾಟ್ ಕೇಳುತ್ತದೆ, ನಾನು ಸಿ ಓದಿದರೆ ಸಿ-ನೇ. ಮೂರು ರಾತ್ರಿ ಕೂತು ಎಲ್ಲವನ್ನೂ ಒಂದೊಂದು ಸ್ವರ ಇಳಿಸಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ಅಷ್ಟಾದ ಮೇಲೆ ನೋಡಿದರೆ ಎಷ್ಟೋ ಸ್ವರಗಳು ಓಬೋ ಇಳಿಯುವುದಕ್ಕಿಂತಲೂ ಕೆಳಗೆ!

ಸರಿ, ಓಬೋಗೆಂದೇ ಬರೆದದ್ದು ನೋಡೋಣ ಅಂದರೆ ಅದು ಇನ್ನೊಂದು ಗೋಳು. ಸಂಗೀತ ರಚನೆಕಾರ ಶೂಮನ್ 1849ರಲ್ಲಿ ಬರೆದ ಮೂರು ರೊಮ್ಯಾನ್ಸ್, ಅಂದರೆ ಚಿಕ್ಕ ಕೃತಿಗಳು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಧಾನದ್ದು, ಸುಲಭ ಅಂದುಕೊಂಡೆ. ಆ ಮನುಷ್ಯ ಉಸಿರಾಡೋಕೆ ಜಾಗವೇ ಇಟ್ಟಿಲ್ಲ. ಓಬೋದಲ್ಲಿ ಗಾಳಿ ಸಾಲದೆ ಹೋಗುವುದಲ್ಲ ಕಷ್ಟ. ರೀಡಿನ ಸಂದಿ ಅಷ್ಟು ಕಿರಿದು, ಎಳೆದುಕೊಂಡದ್ದು ಖರ್ಚೇ ಆಗದೆ ಎದೆಯಲ್ಲೇ ಹಳಸುತ್ತದೆ, ಮೊದಲು ಅದನ್ನು ಹೊರಗೆ ಬಿಟ್ಟು ಆಮೇಲೆ ಹೊಸದು ಎಳೆದುಕೊಳ್ಳಬೇಕು, ಎರಡಕ್ಕೂ ಬಿಡುವು ಬೇಕು. ಇನ್ನೊಬ್ಬ ರಚನೆಕಾರ ರಿಚರ್ಡ್ ಸ್ಟ್ರೌಸ್ 1945ರಲ್ಲಿ ಬರೆದ ಓಬೋ ಕನ್ಸರ್ಟೋ (ವಾದ್ಯವೃಂದದ ಜೊತೆ ಒಬ್ಬರೇ ಮುಂದಾಗಿ ನುಡಿಸುವ ಕೃತಿ) ಅಂತೂ ಕೇಳಲೇಬೇಡಿ. ಶುರುವಿನಲ್ಲೇ 56 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಒಂದು ಕಡೆಯೂ ನಿಲ್ಲುವ ಹಾಗಿಲ್ಲ. ನಾನು ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು ಅಷ್ಟೇ.

ತಮಾಷೆ ಏನು ಗೊತ್ತಾ? ಅದೇ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳನ್ನು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಹಾಡಿದಾಗ ಖರ್ಚಿಗೆ ಜಾಮೀನು ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅವರ ಮೈಸೂರಿನಲ್ಲಿ ಇವತ್ತು ನನ್ನಂಥವನಿಗೆ ಒಗ್ಗುವ ಹತ್ತು ಪುಟ ಸಿಗಲ್ಲ.

ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದ ದಿನಾ ಕೇಳುತ್ತಾರೆ, "ವಾಲಗ ಕಲೀತಿದೀಯೇನಪ್ಪಾ?" ವಾಲಗದವರು ಪುಣ್ಯವಂತರು ಅಜ್ಜಿ, ಗುರುಗಳ ಬಾಯಿಂದ ಕೇಳಿ ಕಲಿತುಬಿಡುತ್ತಾರೆ, ಪುಸ್ತಕದ ಹಂಗೇ ಇಲ್ಲ.

ಯಾರ ಅಟ್ಟದ ಮೇಲಾದರೂ ಹಳೇ ಓಬೋ ಪುಸ್ತಕ ಇದ್ದರೆ ಹೇಳಿ, ಮಂಡ್ಯ ಆದರೂ ಸರಿ, ಬಸ್ಸು ಹತ್ತಿ ಬರುತ್ತೇನೆ. ಫ್ಲೂಟಿನದು ಮಾತ್ರ ಬೇಡ.